ಬಾಳೆಹಣ್ಣಿನ ಉಪಮೆ, ಕೂಲಿಯವನ ಮೈ

ಕನ್ನಡದ ವಿಮರ್ಶಕರು ಕವಿತೆ ಓದ್ತಾರೆ, ಕಾದಂಬರಿ ಓದ್ತಾರೆ. ಒಂದು ಸಾಲಿನಲ್ಲಿ ಒಂದು ಶಬ್ದ ಯಾಕೆ ಬಂತು, ಇನ್ನೊಂದು ಯಾಕೆ ಬರಲಿಲ್ಲ ಅಂತ ಪುಟಗಟ್ಟಲೆ ಬರೀತಾರೆ. ಆದರೆ ಸರ್ಕಾರದ ಸುತ್ತೋಲೆ, ಕಾರ್ಖಾನೆಯ ಗೇಟಿಗೆ ಅಂಟಿಸಿದ ನೋಟೀಸು, ತಜ್ಞರ ಸಮಿತಿಯ ಕೋಷ್ಟಕ, ಇವೂ ಬರಹಗಳೇ ಅನ್ನೋದು ಅವರಿಗೆ ಹೊಳೆದದ್ದು ಕಡಿಮೆ. ಇವುಗಳಿಗೂ ಶೈಲಿ ಇದೆ, ಉಪಮೆ ಇದೆ, ಬೇಕಂತಲೇ ಇಟ್ಟ ಮೌನ ಇದೆ. ಕೆಟ್ಟ ಕವಿತೆ ಓದಿ ಯಾರೂ ಸತ್ತಿಲ್ಲ. ಕೆಟ್ಟ ಕೋಷ್ಟಕದಿಂದ ಮಂದಿ ಸಾಯ್ತಾರೆ. ಅದಕ್ಕೇ ಈ ಸಲ ನಾವು ಒಂದು ಕೋಷ್ಟಕವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಅದು ವಿಕಿರಣ ಮಿತಿಯ ಕೋಷ್ಟಕ. ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿದ್ದು. ಅದರ ತಿರುಳು ಎರಡೇ ಸಾಲು. ವಿಕಿರಣದ ನಡುವೆ ಕೆಲಸ ಮಾಡುವವನ ಮೈಗೆ ಐದು ವರ್ಷದಲ್ಲಿ 100 ಮಿಲಿಸೀವರ್ಟ್, ಅಂದರೆ ವರ್ಷಕ್ಕೆ ಸರಾಸರಿ 20. ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಊರಿನ ಮಂದಿಗೆ ವರ್ಷಕ್ಕೆ 1. ಅಂತಾರಾಷ್ಟ್ರೀಯ ಆಯೋಗ ಒಂದು ವರ್ಷಕ್ಕೆ 50ರ ತನಕ ಬಿಡುತ್ತದೆ. ಇದೊಂದು ವಿಷಯದಲ್ಲಿ ನಮ್ಮ ಮಂಡಳಿ ಹೆಚ್ಚು ಬಿಗಿ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗ್ತೇವೆ, ಯಾಕಂದರೆ ಈ ಬಿಗಿಯನ್ನು ಉಳಿಸಿಕೊಳ್ಳೋದೇ ಈಗ ಜಗಳವಾಗಿದೆ.

ಗಾಳಿ ಎತ್ತ ಬೀಸುತ್ತಿದೆ ನೋಡ್ರಿ. 2025ರ ಮೇ 23ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಒಂದು ಆದೇಶ ಹೊರಡಿಸಿದರು. ವಿಕಿರಣ ಎಷ್ಟೇ ಸಣ್ಣದಿದ್ದರೂ ಅಷ್ಟಕ್ಕೆ ತಕ್ಕ ಅಪಾಯ ಇದ್ದೇ ಇದೆ ಎಂಬ ತಿಳುವಳಿಕೆಯನ್ನೂ, ಡೋಸನ್ನು ಆದಷ್ಟು ತಗ್ಗಿಸುತ್ತಲೇ ಇರಬೇಕು ಎಂಬ ನಿಯಮವನ್ನೂ ಮರುಪರಿಶೀಲಿಸಿ ಅಂತ ಅಲ್ಲಿನ ಅಣು ನಿಯಂತ್ರಣ ಆಯೋಗಕ್ಕೆ ಹೇಳಿದರು. ಕಾರಣ ಅರ್ಜಂಟು. ಸ್ಥಾವರ ಬೇಗ ಏಳಬೇಕು, ಖರ್ಚು ಇಳಿಯಬೇಕು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಸಂಸತ್ತು ‘ಶಾಂತಿ’ ಅಂತ ಹೆಸರಿಟ್ಟ ಕಾಯ್ದೆ ಪಾಸು ಮಾಡಿತು. 1962ರ ಅಣುಶಕ್ತಿ ಕಾಯ್ದೆ ಹೋಯಿತು, 2010ರ ಅಣು ಹೊಣೆಗಾರಿಕೆ ಕಾಯ್ದೆಯೂ ಹೋಯಿತು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಯಂತ್ರ ಮಾರಿದವನ ಯಂತ್ರದಲ್ಲಿ ದೋಷ ಇದ್ದರೆ ಅವನಿಂದ ವಸೂಲಿ ಮಾಡುವ ಹಳೆಯ ಕಾಯ್ದೆಯ ಹಕ್ಕು ಬಿದ್ದುಹೋಯಿತು. ಎಷ್ಟು ದೊಡ್ಡ ಸ್ಥಾವರ ಸಿಡಿದರೂ ನಡೆಸುವವನ ಹೊಣೆ 3000 ಕೋಟಿ ರೂಪಾಯಿಗೆ ನಿಂತಿತು. 2047ಕ್ಕೆ 100 ಗಿಗಾವ್ಯಾಟ್ ಅಣು ವಿದ್ಯುತ್ತು ಬೇಕಂತೆ. ಆ ಅವಸರದಲ್ಲಿ ಯಾರಾದರೂ ಈ 20 ಮತ್ತು 1ರ ಮೇಲೆ ಕೈ ಹಾಕಿದರೆ? ಹಾಕಿದ ಮೇಲೆ ಕೂಗೋದಕ್ಕಿಂತ ಈಗಲೇ ಓದಿಕೊಳ್ಳೋದು ವಾಸಿ.

ಮೊದಲು ಉಪಮೆ ನೋಡೋಣ.

ವಿಕಿರಣಕ್ಕೆ ಹೆದರಬೇಡ್ರಿ, ಬಾಳೆಹಣ್ಣಿನಲ್ಲೂ ವಿಕಿರಣ ಇದೆ ಅಂತಾರೆ. ಅಣು ವಿದ್ಯುತ್ತಿನ ವಕೀಲರು ದೇಶದೇಶಗಳಲ್ಲಿ ಬಳಸಿ ಸವೆಸಿದ ಉಪಮೆ ಇದು. ಮಾತು ಸುಳ್ಳಲ್ಲ. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ, ಅದರಲ್ಲಿ ಒಂದು ಚಿಟಿಕೆ ವಿಕಿರಣಶೀಲ ಪೊಟ್ಯಾಸಿಯಂ 40 ಇದೆ. ಒಂದು ಹಣ್ಣಿಗೆ ಸುಮಾರು 0.1 ಮೈಕ್ರೋಸೀವರ್ಟ್ ಅಂತ ಲೆಕ್ಕ ಕಟ್ಟಿದ್ದಾರೆ. ನಾವು ಬಾಳೆಹಣ್ಣಿನ ಸೀಮೆಯವರು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೋದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೆ ಸರ್ಕಾರದ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಆ ತೋಟಗಳಲ್ಲಿ ಕಳೆ ಕಿತ್ತವರು, ಗೊನೆ ಹೊತ್ತವರು ನಮ್ಮ ಅವ್ವಂದಿರು, ಅಪ್ಪಂದಿರು. ಹಂಗಾಗಿ ಈ ಉಪಮೆಯನ್ನು ಪರೀಕ್ಷಿಸುವ ಅಧಿಕಾರ ನಮಗೆ ಬೇರೆಯವರಿಗಿಂತ ಹೆಚ್ಚೇ ಇದೆ.

ಲೆಕ್ಕ ಮಾಡ್ರಿ. ಊರಿನವರ ಮಿತಿ 1 ಮಿಲಿಸೀವರ್ಟ್ ಅಂದರೆ ಹತ್ತು ಸಾವಿರ ಬಾಳೆಹಣ್ಣು. ಕೆಲಸಗಾರನ 20 ಅಂದರೆ ಎರಡು ಲಕ್ಷ ಬಾಳೆಹಣ್ಣು, ಒಂದೇ ವರ್ಷದಲ್ಲಿ. ದಿನಕ್ಕೆ ಐನೂರಕ್ಕೂ ಮೇಲೆ. ಕಮಲಾಪುರದ ಯಾವ ಗೌಡನ ಮನೆಯಲ್ಲೂ ಇಂಥ ಊಟ ನಡೆದಿಲ್ಲ. ಎರಡನೆಯದು ಇನ್ನೂ ಮುಖ್ಯ. ಮೈಯೊಳಗೆ ಪೊಟ್ಯಾಸಿಯಂ ಎಷ್ಟಿರಬೇಕು ಅನ್ನೋದನ್ನು ಮೈಯೇ ನಿಭಾಯಿಸುತ್ತದೆ. ಹೆಚ್ಚು ತಿಂದರೆ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಬಾಳೆಹಣ್ಣು ತಿಂದು ತಿಂದು ವಿಕಿರಣ ಗುಡ್ಡೆ ಹಾಕಿಕೊಳ್ಳೋದು ಸಾಧ್ಯವಿಲ್ಲ. ಆದರೆ ಸ್ಟ್ರಾನ್ಷಿಯಂ ಬಂದರೆ ಮೈ ಅದನ್ನು ಸುಣ್ಣ ಅಂತ ತಿಳಿದು ಎಲುಬಿನೊಳಗೆ ಇಟ್ಟುಕೊಳ್ಳುತ್ತದೆ. ಅಯೋಡಿನ್ 131 ಕೊರಳಿನ ಥೈರಾಯ್ಡ್ ಗ್ರಂಥಿಗೆ ಸೇರುತ್ತದೆ. ರೇಡಿಯಂ ಎಲುಬಿನಲ್ಲೇ ಮನೆ ಮಾಡುತ್ತದೆ. ಉಪಮೆಯಲ್ಲಿ ಹೋಲಿಸುವ ಎರಡು ವಸ್ತುಗಳ ನಡುವೆ ಸಮಾನಧರ್ಮ ಇರಬೇಕು ಅಂತ ಅಲಂಕಾರಶಾಸ್ತ್ರ ಓದಿದ ಹುಡುಗರಿಗೂ ಗೊತ್ತು. ಇಲ್ಲಿ ಅದೇ ಇಲ್ಲ. ಒಂದನ್ನು ನಾವೇ ಕೈಯಾರೆ ಸುಲಿದು ತಿಂತೇವೆ. ಇನ್ನೊಂದು ಕೇಳದೆ ಮೈಗೆ ಹೊಗುತ್ತದೆ. ಹೆದರಿದವನನ್ನು ದಡ್ಡ ಮಾಡೋದಕ್ಕೆ ಕಟ್ಟಿದ ಉಪಮೆ ಇದು. ವಿಮರ್ಶೆಯ ಭಾಷೆಯಲ್ಲಿ ಹೇಳೋದಾದರೆ ಔಚಿತ್ಯ ಕೆಟ್ಟಿದೆ.

ಇನ್ನು ಕೋಷ್ಟಕದ ಚರಿತ್ರೆ. ಈ ಅಂಕಿಗಳನ್ನು ಬರೆದವರು ಯಾರು? ತಜ್ಞರು ಅಂತ ಉತ್ತರ ಬರುತ್ತದೆ. ನಾವು ಒಪ್ಪೋದಿಲ್ಲ. ತಜ್ಞರು ಕೊನೆಗೆ ಬಂದು ಸಹಿ ಹಾಕಿದರು. 1917ರಿಂದ ಮುಂದೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುವ ಹುಡುಗಿಯರಿದ್ದರು. ಕುಂಚದ ತುದಿ ಚೂಪಾಗಲಿ ಅಂತ ತುಟಿಗೆ ಒತ್ತಿ ಎಳೆಯಲು ಹೇಳಿಕೊಟ್ಟಿದ್ದರು. ರೇಡಿಯಂ ಬಾಯೊಳಗೆ ಹೋಯಿತು, ಎಲುಬಿಗೆ ಹೋಯಿತು. ದವಡೆ ಕೊಳೆತು ಸತ್ತರು. ಬದುಕಿದ್ದವರು ಕೋರ್ಟಿಗೆ ಹೋಗಿ 1928ರಲ್ಲಿ ರಾಜಿ ಪರಿಹಾರ ಪಡೆದರು. ಮೈಯೊಳಗೆ ರೇಡಿಯಂ ಎಷ್ಟಿರಬಹುದು ಎಂಬ ಮಿತಿ 1941ರಲ್ಲಿ ಬಂತು, ಆ ಹುಡುಗಿಯರ ಎಲುಬುಗಳನ್ನು ಅಳೆದ ಮೇಲೆ. ಇಂಗ್ಲೆಂಡಿನ ವೈದ್ಯೆ ಅಲೀಸ್ ಸ್ಟೀವರ್ಟ್ 1950ರ ದಶಕದಲ್ಲಿ ತಾಯಂದಿರನ್ನು ಕೇಳಿ ಕೇಳಿ ಲೆಕ್ಕ ಹಾಕಿದಳು. ಬಸುರಿಯ ಹೊಟ್ಟೆಗೆ ಎಕ್ಸ್‌ರೇ ಹಾಯಿಸಿದರೆ ಹುಟ್ಟುವ ಕೂಸಿಗೆ ಕ್ಯಾನ್ಸರ್ ಬರುವ ಸಂಭವ ಸುಮಾರು ಎರಡು ಪಟ್ಟು ಅಂತ ಹೇಳಿದಳು. ದೊಡ್ಡವರು ವರ್ಷಗಟ್ಟಲೆ ನಂಬಲಿಲ್ಲ. ಕಡೆಗೆ ಆ ಪದ್ಧತಿ ನಿಂತಿತು.

ಹೀಗೆ ಒಂದೊಂದು ಸಲ ಮೈಗಳು ಸಾಕ್ಷಿ ಹೇಳಿದಾಗ ಅಂಕಿ ಇಳಿಯಿತು. 1950ರ ಸುಮಾರಿಗೆ ಕೆಲಸಗಾರನಿಗೆ ವರ್ಷಕ್ಕೆ ನೂರೈವತ್ತರ ಹತ್ತಿರ ಬಿಡುತ್ತಿದ್ದರು. 1950ರ ದಶಕದ ಕೊನೆಗೆ 50ಕ್ಕೆ ಬಂತು. 1990ರಲ್ಲಿ ಸರಾಸರಿ 20. ಹಿರೋಶಿಮಾ ನಾಗಾಸಾಕಿಯಲ್ಲಿ ಬದುಕುಳಿದವರ ಮೈ ಹೇಳಿದ ಸಾಕ್ಷಿ ಅದರ ಹಿಂದೆ ಇತ್ತು. ಈ ಕೋಷ್ಟಕದ ಲೇಖಕರು ಸತ್ತವರು. ಅವರ ಬರಹವನ್ನು ತಿದ್ದಬೇಕೆಂದರೆ ಅವರಿಗಿಂತ ಗಟ್ಟಿ ಸಾಕ್ಷಿ ತರಬೇಕು. ತಂದಿದ್ದಾರಾ? ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಮೇಲ್ಪಟ್ಟು ಅಣು ಕೆಲಸಗಾರರ ಬ್ಯಾಡ್ಜಿನ ದಾಖಲೆಯನ್ನು ಅವರ ಸಾವಿನ ದಾಖಲೆಯೊಂದಿಗೆ ಕೂಡಿಸಿ ನೋಡಿದ ಅಧ್ಯಯನ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂತು. ಡೋಸು ಏರಿದಂತೆ ಕ್ಯಾನ್ಸರ್ ಸಾವೂ ಏರುತ್ತದೆ, ಸಣ್ಣ ಡೋಸಿನಲ್ಲೂ ಆ ಏರಿಕೆ ಕಾಣುತ್ತದೆ ಅಂತ ಅದು ಹೇಳಿತು. ಎರಡು ವರ್ಷ ಕಳೆದು ಬಂದ ಆದೇಶ ಅದಕ್ಕೆ ಬೆನ್ನು ತಿರುಗಿಸಿತು.

ಎದುರಿನವರ ಮಾತನ್ನೂ ಕೇಳೋಣ. ಕೇರಳದ ಕರುನಾಗಪ್ಪಳ್ಳಿಯ ಕಡಲ ದಂಡೆಯ ಉಸುಕಿನಲ್ಲಿ ಥೋರಿಯಂ ಇದೆ, ಅಲ್ಲಿ ಹುಟ್ಟಿಬೆಳೆದ ಮಂದಿಗೆ ಬೇರೆ ಕಡೆಗಿಂತ ಹೆಚ್ಚು ವಿಕಿರಣ ತಗಲುತ್ತದೆ, ಆದರೂ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚು ಕಾಣಲಿಲ್ಲ ಅಂತಾರೆ. ನಿಜ, ಆ ಅಧ್ಯಯನ ಹಂಗೇ ಹೇಳುತ್ತದೆ. ಆದ್ದರಿಂದ ಸಣ್ಣ ಡೋಸಿನ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ ಅನ್ನೋಣ. ಜಗಳ ಇದ್ದಾಗ ಸಂಶಯದ ಲಾಭ ಯಾರಿಗೆ ಸಲ್ಲಬೇಕು? ಕಂಪನಿಯ ಖರ್ಚಿಗೋ, ಕೂಲಿಯವನ ರಕ್ತಕ್ಕೋ? ಇದು ವಿಜ್ಞಾನದ ಪ್ರಶ್ನೆಯೇ ಅಲ್ಲ. ನ್ಯಾಯದ ಪ್ರಶ್ನೆ. ವಿಜ್ಞಾನದ ಅಂಗಿ ತೊಡಿಸಿ ಕಳಿಸಿದ್ದಾರೆ ಅಷ್ಟೆ.

ಈಗ ಕೋಷ್ಟಕದೊಳಗಿನ ಅತಿ ಮುಖ್ಯ ಶಬ್ದಕ್ಕೆ ಬರೋಣ. ಮಿತಿಯ ಜೊತೆಗೆ ಇನ್ನೊಂದು ನಿಯಮ ಇದೆ. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ‘ಅಲಾರಾ’ ಅಂತಾರೆ. ಸಮಂಜಸವಾಗಿ ಸಾಧ್ಯವಾಗುವಷ್ಟು ಕಡಿಮೆ, ಇದು ಅದರ ಅರ್ಥ. ಈ ‘ಸಮಂಜಸ’ ಎಂಬ ಶಬ್ದ ನಮಗೆ ಹಿಡಿಸೋದಿಲ್ಲ. ಸಮಂಜಸ ಅಂತ ನಿರ್ಧರಿಸುವವನು ಕುರ್ಚಿಯಲ್ಲಿ ಕೂತವನು. ಅವನ ಕೈಯಲ್ಲಿ ಈ ಶಬ್ದ ರಬ್ಬರಿನ ಹಂಗೆ ಎಳೆಯುತ್ತದೆ. ಆದರೂ ಈ ನಿಯಮ ಉಳಿಯಲೇಬೇಕು ಅಂತೇವೆ. ಯಾಕೆ ಅಂದರೆ, ಇವತ್ತು ಬಹುಪಾಲು ಕೆಲಸಗಾರರಿಗೆ ತಗಲುವ ಡೋಸು ಮಿತಿಗಿಂತ ಎಷ್ಟೋ ಕೆಳಗಿದೆ. ಅದನ್ನು ಕೆಳಗೆ ಇಟ್ಟದ್ದು ಬರೀ ಆ 20 ಅಲ್ಲ. 20ರ ಒಳಗಿದ್ದರೂ ಇನ್ನೂ ಇಳಿಸು ಅಂತ ಬೆನ್ನು ಹತ್ತುವ ಈ ನಿಯಮ. ಇದನ್ನು ಕಿತ್ತರೆ ಮಿತಿ ಅನ್ನೋದು ದಾಟಬಾರದ ಗೆರೆಯಾಗಿ ಉಳಿಯೋದಿಲ್ಲ. ಪೂರ್ತಿ ಬಳಸಿಕೊಳ್ಳಬಹುದಾದ ಕೋಟಾ ಆಗುತ್ತದೆ. ಅಂತಾರಾಷ್ಟ್ರೀಯ ಆಯೋಗದ ಸ್ವಂತ ಲೆಕ್ಕದಲ್ಲಿ 1000 ಮಿಲಿಸೀವರ್ಟಿಗೆ ವಯಸ್ಕ ಕೆಲಸಗಾರರಲ್ಲಿ ನೂರಕ್ಕೆ ಸುಮಾರು 4.1 ಕ್ಯಾನ್ಸರ್ ಅಪಾಯ. ವರ್ಷಕ್ಕೆ 20ರಂತೆ ನಲವತ್ತು ವರ್ಷ ದುಡಿದರೆ 800. ಅಂದರೆ ಮೂವತ್ತು ಮಂದಿಯಲ್ಲಿ ಒಬ್ಬ. ವರ್ಷಕ್ಕೆ 50ಕ್ಕೆ ಏರಿಸಿದರೆ ಹನ್ನೆರಡು ಮಂದಿಯಲ್ಲಿ ಒಬ್ಬ. ಯಾವ ಆಫೀಸಿನ ಯಾವ ಸಾಹೇಬನ ಕುರ್ಚಿಗೆ ಇಂಥ ಕರಾರು ಇದೆ?

ಹೊರಗಿನವನಿಗೆ 1, ಒಳಗಿನವನಿಗೆ 20. ಗೇಟು ದಾಟಿದ ಕೂಡಲೇ ಅದೇ ಮೈ ಇಪ್ಪತ್ತು ಪಟ್ಟು ಅಗ್ಗ. ಇದಕ್ಕೆ ಸಮರ್ಥನೆ ಏನಂದರೆ, ಅವನು ಒಪ್ಪಿ ಬಂದಿದ್ದಾನೆ, ಸಂಬಳ ತಗೋತಾನೆ. ಒಪ್ಪಿ ಬಂದದ್ದು ಅಂದರೆ ಏನು? ತೊಗರಿ ಒಣಗಿದ ವರ್ಷ ಕಲಬುರಗಿ ಸ್ಟೇಷನ್ನಿನಲ್ಲಿ ಗಂಟು ಕಟ್ಟಿಕೊಂಡು ಮುಂಬೈ, ಪುಣೆ, ಬೆಂಗಳೂರಿನ ರೈಲಿಗೆ ಕಾಯುವ ನಮ್ಮ ಮಂದಿ ಯಾವ ಕೆಲಸಕ್ಕೆ ಒಲ್ಲೆ ಅನ್ನಬಲ್ಲರು? ಹಸಿವು ಹಾಕಿಸಿದ ಹೆಬ್ಬೆಟ್ಟಿಗೆ ಒಪ್ಪಿಗೆ ಅಂತ ಹೆಸರಿಡೋದು ಈ ದೇಶದ ಹಳೆಯ ಸಾಹಿತ್ಯ. ಜೀತದ ಕಾಗದದಲ್ಲೂ ಒಪ್ಪಿಗೆ ಇತ್ತು.

ಡೋಸು ಅಳೆಯೋದಕ್ಕೆ ಎದೆಗೆ ಒಂದು ಬ್ಯಾಡ್ಜು ಸಿಕ್ಕಿಸ್ತಾರೆ. ಕೊರಳಿಗೆ ಮಡಕೆ ಕಟ್ಟಿಸಿದ್ದ ಪೇಶ್ವೆ ಕಾಲವನ್ನು ಅಂಬೇಡ್ಕರ್ 1936ರಲ್ಲಿ ಬರೆದಿಟ್ಟಿದ್ದಾರೆ. ಈ ಬ್ಯಾಡ್ಜು ಆ ಮಡಕೆಯ ಜಾತಿಯದಲ್ಲ. ಮಡಕೆ ನಮ್ಮಿಂದ ಅವರನ್ನು ಕಾಯಲು ಇತ್ತು, ಬ್ಯಾಡ್ಜು ನಮ್ಮನ್ನು ಕಾಯಬೇಕು. ಅದಕ್ಕೇ ಅದು ಎಲ್ಲರ ಎದೆಗೂ ಬೇಕು, ಖರೇ ಹೇಳಬೇಕು. ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬ, ಬಿ.ಎ. ಮುಗಿಸಿ ಕೆಲಸ ಸಿಗದೆ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಸಹಾಯಕನಾಗಿದ್ದ. ಅಳುವ ಕೂಸುಗಳನ್ನು ಯಂತ್ರದ ಕೆಳಗೆ ಹಿಡಿದುಕೊಳ್ಳುವುದು ಅವನ ಕೆಲಸ. ಸೀಸದ ಏಪ್ರನ್ ಒಂದೇ ಇತ್ತು, ಅದು ತಂತ್ರಜ್ಞನಿಗೆ. ಬ್ಯಾಡ್ಜೂ ತಂತ್ರಜ್ಞನಿಗೇ. ಇವನ ಮೈಗೆ ಎಷ್ಟು ತಗಲಿತು ಅನ್ನೋದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಕೋಷ್ಟಕದ ಎರಡು ಸಾಲಿನಲ್ಲಿ ಅವನು ಯಾವ ಸಾಲು? ದಿನಗೂಲಿಯ ಮೈ ಎರಡೂ ಸಾಲಿನ ನಡುವಿನ ಬಿಳಿ ಜಾಗದಲ್ಲಿ ನಿಂತಿದೆ.

ಬ್ಯಾಡ್ಜು ಇದ್ದರೂ ಅದು ಎಲ್ಲವನ್ನೂ ಕಾಣೋದಿಲ್ಲ. 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ನೀರು ಸೇರಿತ್ತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯಿತು. ಒಳಗಿನವರದೇ ಕಿಡಿಗೇಡಿತನ ಅಂತ ಅಧಿಕಾರಿಗಳು ಹೇಳಿದರು. ಟ್ರಿಟಿಯಂ ಸೂಸುವ ಬೀಟಾ ಕಿರಣ ಚರ್ಮವನ್ನೇ ದಾಟಲಾರದಷ್ಟು ದುರ್ಬಲ. ಹೊರಗಿದ್ದರೆ ಅಪಾಯವಿಲ್ಲ, ಕುಡಿದರೆ ಇದೆ. ಎದೆಯ ಬ್ಯಾಡ್ಜಿಗೆ ಹೊಟ್ಟೆಯೊಳಗಿನ ಸುದ್ದಿ ಮುಟ್ಟೋದಿಲ್ಲ. ಗೊತ್ತಾದದ್ದು ಮೂತ್ರ ಪರೀಕ್ಷೆಯಿಂದ. ಜಪಾನಿನ ಫುಕುಶಿಮಾದಲ್ಲಿ ಒಂದು ಗುತ್ತಿಗೆ ಕಂಪನಿಯ ಮೇಲಿನವನು ಕೆಲಸಗಾರರಿಗೆ ಅಳೆಯುವ ಉಪಕರಣದ ಮೇಲೆ ಸೀಸದ ತಗಡು ಮುಚ್ಚಿಕೊಳ್ಳಲು ಹೇಳಿದ್ದು 2012ರಲ್ಲಿ ಬಯಲಿಗೆ ಬಂತು. ಅಳತೆ ಮಿತಿ ದಾಟಿದರೆ ಕೆಲಸ ಹೋಗುತ್ತದಲ್ಲ! ಉಪಕರಣವನ್ನು ವಿಕಿರಣದಿಂದ ಕಾಪಾಡಿದರು, ಮನುಷ್ಯನನ್ನು ಬಿಟ್ಟರು. ಅದೇ ಫುಕುಶಿಮಾದಲ್ಲಿ 2011ರ ಮಾರ್ಚಿನಲ್ಲಿ ತುರ್ತು ಕೆಲಸಗಾರರ ಮಿತಿಯನ್ನು 100ರಿಂದ 250ಕ್ಕೆ ಏರಿಸಿದರು. ಏಪ್ರಿಲಿನಲ್ಲಿ ಶಾಲೆಯ ಮಕ್ಕಳಿಗೆ ವರ್ಷಕ್ಕೆ 20 ಆಗಬಹುದು ಅಂದರು. ಸರ್ಕಾರದ ಸಲಹೆಗಾರ, ಪ್ರೊಫೆಸರ್ ತೋಶಿಸೋ ಕೊಸಾಕೊ, ಇದನ್ನು ಒಪ್ಪಲಾರೆ ಅಂತ ಕಣ್ಣೀರು ಹಾಕಿ ರಾಜೀನಾಮೆ ಕೊಟ್ಟರು. ತಾಯಂದಿರು ಬೀದಿಗೆ ಬಂದರು. ಮೇ ತಿಂಗಳಲ್ಲಿ ಸರ್ಕಾರ ಶಾಲೆಗಳಲ್ಲಿ 1ರ ಗುರಿಗೆ ವಾಪಸು ಬಂತು. ಮಿತಿಯನ್ನು ಸಡಿಲಿಸಿದ್ದೂ ಮನುಷ್ಯರು, ಹಿಂದಕ್ಕೆ ಎಳೆದದ್ದೂ ಮನುಷ್ಯರು. ಪ್ರಕೃತಿ ನಿಯಮ ಅಲ್ಲಿ ಬದಲಾಗಲಿಲ್ಲ.

ನಮ್ಮ ದೇಶದಲ್ಲಿ ಸತ್ತದ್ದು ಗುಜರಿಯವನು. ದಿಲ್ಲಿ ವಿಶ್ವವಿದ್ಯಾಲಯ 1985ರಿಂದ ಬಳಸದೆ ಬಿಟ್ಟಿದ್ದ ಕೋಬಾಲ್ಟ್ 60 ಇದ್ದ ಯಂತ್ರವನ್ನು 2010ರಲ್ಲಿ ಹರಾಜು ಹಾಕಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದರು. ಒಬ್ಬ ಸತ್ತ, ಹಲವರು ಸುಟ್ಟ ಚರ್ಮ ಹೊತ್ತು ಆಸ್ಪತ್ರೆ ಸೇರಿದರು. ಪದಾರ್ಥ ಪ್ರೊಫೆಸರರ ಕೈಯಲ್ಲಿದ್ದಾಗ ಅದಕ್ಕೆ ನಿಯಮ ಇತ್ತು. ಗುಜರಿಯವನ ಕೈಗೆ ಬರುವಾಗ ಕೆಜಿ ಲೆಕ್ಕ ಮಾತ್ರ ಉಳಿಯಿತು.

ಗೇಟಿನ ಹೊರಗಿನವರ ಕಥೆಗೆ ನಮ್ಮ ಸೀಮೆಗೇ ಬರಬಹುದು. ಆಗ ಕಲಬುರಗಿ ಜಿಲ್ಲೆಯಲ್ಲಿದ್ದು ಈಗ ಯಾದಗಿರಿಗೆ ಸೇರಿದ ಶಹಾಪುರ ತಾಲೂಕಿನ ಗೋಗಿ. ಆದಿಲಶಾಹಿಯ ಮೊದಲ ಅರಸರ ಗೋರಿಗಳಿರುವ ಊರು. ಅಲ್ಲಿ ಭೀಮಾ ಸೀಮೆಯ ಸುಣ್ಣಕಲ್ಲು, ಗ್ರಾನೈಟು ಕೂಡುವಲ್ಲಿ ಯುರೇನಿಯಂ ಇದೆ ಅಂತ ಕಂಡುಹಿಡಿದು, ಗಣಿ ಮಾಡುವ ಮಾತು ಬಂತು, ಊರವರು ವಿರೋಧಿಸಿದರು. ಗಣಿಗೆ ಮುಂಚೆಯೇ ಇಂಥ ನೆಲದ ನೀರಿನಲ್ಲಿ ಯುರೇನಿಯಂ ಕರಗಿರುತ್ತದೆ. ಅದು ಮೊದಲು ಮೂತ್ರಪಿಂಡ ಹಿಡಿಯುವ ವಿಷ. ಹಂಗಾದರೆ ಕುಡಿಯುವ ನೀರಿನ ಮಿತಿ ಏನು? ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಲೀಟರಿಗೆ 2 ಮೈಕ್ರೋಗ್ರಾಂ ಅಂದಿತು. 2004ರಲ್ಲಿ 15 ಅಂದಿತು. 2011ರಲ್ಲಿ 30 ಅಂದಿತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ 60 ಅಂದಿತು. ಹೊಸ ಪುರಾವೆ ಬಂತು ಅಂತ ಕಾರಣ ಕೊಡ್ತಾರೆ. ಇರಬಹುದು. ಆದರೆ ಅದೇ ಬೋರು, ಅದೇ ಕೊಡ, ಅದೇ ಮೂತ್ರಪಿಂಡ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ವಿಜ್ಞಾನಿಗಳು ಪರೀಕ್ಷಿಸಿ ಪ್ರಕಟಿಸಿದರು. 57 ಹಳ್ಳಿಗಳಲ್ಲಿ ಯುರೇನಿಯಂ 30ಕ್ಕಿಂತ ಮೇಲೆ, 48ರಲ್ಲಿ 60ಕ್ಕಿಂತ ಮೇಲೆ. ಕಳೆದರೆ ಉಳಿಯೋದು ಒಂಬತ್ತು ಹಳ್ಳಿ. 30ರ ಗೆರೆ ಹಿಡಿದರೆ ಆ ಒಂಬತ್ತು ಹಳ್ಳಿಗೆ ಶುದ್ಧ ನೀರು ಕೊಡಬೇಕು. 60ರ ಗೆರೆ ಹಿಡಿದರೆ ಕೊಡಬೇಕಾಗಿಲ್ಲ. ಮಿತಿ ಸಡಿಲಿಸೋದು ಅಂದರೆ ಇದೇ. ನೀರನ್ನು ಮುಟ್ಟದೆ ಕಾಗದವನ್ನು ಮುಟ್ಟಿ ಹಳ್ಳಿಯನ್ನು ಗುಣಪಡಿಸೋದು.

ಈ ಕಲೆ ಅಣುವಿನವರದು ಮಾತ್ರ ಅಲ್ಲ. ಅಂಬೇಡ್ಕರ್ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹಿಡಿದಿದ್ದ 1942ರಿಂದ 46ರ ಕಾಲದಲ್ಲಿ ಎಂಟು ತಾಸಿನ ದುಡಿಮೆಗೆ ದಾರಿಯಾಯಿತು. 2023ರಲ್ಲಿ ಕರ್ನಾಟಕದ ವಿಧಾನಸಭೆ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ ಹನ್ನೆರಡು ತಾಸು ದುಡಿಸಬಹುದು ಅಂತ ಮಾಡಿತು. ತಾಸಿನ ಮಿತಿ, ಡೋಸಿನ ಮಿತಿ, ಕೂಲಿಯ ಮಿತಿ, ಎಲ್ಲವೂ ಒಂದೇ ಪೆನ್ನಿನಿಂದ ತಿದ್ದಿಸಿಕೊಳ್ಳುತ್ತಿವೆ.

ಕಾಗದದ ಮಿತಿಯಿಂದ ಏನಾಗುತ್ತೆ, ಜಾರಿಯೇ ಇಲ್ಲವಲ್ಲ ಅಂತ ನಮ್ಮ ಗೆಳೆಯರೇ ಕೇಳ್ತಾರೆ. ಮ್ಯಾನ್‌ಹೋಲ್ ನೋಡ್ರಿ. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಆದರೂ ನಮ್ಮವರು ಇಳಿದು ಸಾಯ್ತಾರೆ. ಆದರೆ ಕಾನೂನು ‘ಇಳಿಸಬೇಡ’ ಅಂತ ಹೇಳಿದ್ದರಿಂದಲೇ ಸುಪ್ರೀಂ ಕೋರ್ಟು 2014ರಲ್ಲಿ ಹತ್ತು ಲಕ್ಷ, 2023ರಲ್ಲಿ ಮೂವತ್ತು ಲಕ್ಷ ಪರಿಹಾರ ಕೊಡಿ ಅನ್ನಲು ಸಾಧ್ಯವಾಯಿತು. ‘ಸಮಂಜಸ ಪ್ರಮಾಣದ ಗ್ಯಾಸು ಕುಡಿಸಬಹುದು’ ಅಂತ ಕಾನೂನು ಇದ್ದಿದ್ದರೆ ವಿಧವೆ ಯಾವ ಕಾಗದ ಹಿಡಿದು ಕೋರ್ಟಿಗೆ ಹೋಗಬೇಕಿತ್ತು? ಬಡವನಿಗೆ ಮಿತಿ ಅನ್ನೋದು ಗೋಡೆಯಲ್ಲಿರುವ ಗೂಟ. ಗೂಟ ಸಣ್ಣದಿರಬಹುದು. ಕಿತ್ತರೆ ಹಿಡಿಯೋದಕ್ಕೆ ಏನೂ ಇಲ್ಲ.

ನಾವು ವಿಕಿರಣದ ಶತ್ರುಗಳಲ್ಲ. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳ ಬಡವರು ಬರ್ತಾರೆ. ಅವರನ್ನು ಉಳಿಸುವ ಕಿರಣಕ್ಕೆ ಕೈ ಮುಗೀತೇವೆ. ಅಲ್ಲಿ ರೋಗಿಗೆ ಕೊಡುವ ಡೋಸು ಅವನ ಪ್ರಾಣಕ್ಕಾಗಿ. ಇಲ್ಲಿ ಕೂಲಿಯವನಿಗೆ ಹೇರುವ ಡೋಸು ಇನ್ನೊಬ್ಬನ ಬ್ಯಾಲೆನ್ಸ್ ಶೀಟಿಗಾಗಿ. ವ್ಯತ್ಯಾಸ ತಿಳಿಯದಷ್ಟು ಅನಕ್ಷರಸ್ಥರಲ್ಲ ನಾವು.

ಕಡೆಗೆ ನಮ್ಮ ಸಾಹಿತ್ಯಕ್ಕೆ ಒಂದು ಮಾತು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ವಿರುದ್ಧ ನಿಂತು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅಂಥ ಎದೆಗಾರಿಕೆ ಬೇರೆ ಎಷ್ಟು ಲೇಖಕರಿಗಿತ್ತು? ಗೌರವ ಇದೆ. ಆದರೆ ಕೈಗಾ ಕುರಿತ ಕನ್ನಡದ ಕಾಳಜಿ ಹೆಚ್ಚಾಗಿ ಕಾಡಿನದು, ಕಾಳಿ ನದಿಯದು, ಘಟ್ಟದ ಹಸುರಿನದು. ಸ್ಥಾವರ ಎದ್ದ ಮೇಲೆ ಅದರ ಒಳಗೆ ನೆಲ ಒರೆಸಲು, ಕೊಳವೆ ತಿಕ್ಕಲು ಹೋದವನ ಮೈ ಆ ಬರಹಗಳಿಗೆ ವಸ್ತುವಾದದ್ದು ಅಪರೂಪ. ಜಪಾನಿನಲ್ಲಿ ಕುನಿಯೊ ಹೊರಿಯೆ ಎಂಬ ಬರಹಗಾರ ತಾನೇ ಗುತ್ತಿಗೆ ಕೂಲಿಯಾಗಿ ಸ್ಥಾವರಗಳಲ್ಲಿ ದುಡಿದು 1979ರಲ್ಲಿ ಪುಸ್ತಕ ಬರೆದ. ಆ ಪುಸ್ತಕ ಕನ್ನಡದಲ್ಲಿ ಬರೆಯಬೇಕಾದವರು ಘಟ್ಟದ ಮೇಲೆ ನಿಂತು ಕೆಳಗೆ ನೋಡುವವರಲ್ಲ, ಗೇಟಿನೊಳಗೆ ಟೋಕನ್ ಹಿಡಿದು ಹೋದವರ ಮಕ್ಕಳು. ಕೊಪ್ಪಳದ ಅರಸಿನಕೇರಿಯ ಸುತ್ತ ಅಣು ಸ್ಥಾವರಕ್ಕೆ ಜಾಗ ಹುಡುಕುವ ಮಾತು ಬಂದಾಗ ಜನ ಎದ್ದರು. ಆ ಎದ್ದವರಿಗೆ ನಮ್ಮ ಭಾಷೆಯಲ್ಲಿ ಓದಲು ಏನಿದೆ ಅಂತ ಕೇಳಿಕೊಳ್ಳೋಣ.

ಆದ್ದರಿಂದ ನಮ್ಮ ಬೇಡಿಕೆ ಕವಿತೆಯ ಭಾಷೆಯಲ್ಲಿ ಇಲ್ಲ. 20 ಮತ್ತು 1, ಇವೆರಡೂ ಮೇಲೆ ಹೋಗಬಾರದು. ಡೋಸು ಇಳಿಸುತ್ತಲೇ ಇರಬೇಕೆಂಬ ನಿಯಮ ಕಾನೂನಿನಲ್ಲಿ ಉಳಿಯಬೇಕು. ಗುತ್ತಿಗೆಯವ, ಸಹಾಯಕ, ಕಸ ಗುಡಿಸುವವಳು, ವಿಕಿರಣದ ಕೋಣೆಗೆ ಕಾಲಿಡುವ ಪ್ರತಿಯೊಬ್ಬರಿಗೂ ಬ್ಯಾಡ್ಜು, ಬೇಕಾದಲ್ಲಿ ಮೂತ್ರ ಪರೀಕ್ಷೆ. ಡೋಸಿನ ಲೆಕ್ಕ ಕನ್ನಡದಲ್ಲಿ ಬರೆದು ಅವರ ಕೈಗೇ ಕೊಡಬೇಕು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಇಪ್ಪತ್ತು ವರ್ಷಕ್ಕೆ ಕ್ಯಾನ್ಸರ್ ಬಂದರೂ ಆ ಕಾಗದ ತೋರಿಸಿದರೆ ಚಿಕಿತ್ಸೆ ಸಿಗಬೇಕು. ಗೋಗಿಯ ಬಾವಿ ನೀರಿನ ಪರೀಕ್ಷೆಯ ಅಂಕಿ ಗೋಗಿಯ ಪಂಚಾಯತಿ ಗೋಡೆಯ ಮೇಲೆ ಇರಬೇಕು. ಇಷ್ಟು ಕೊಡಲು ಖರ್ಚಾಗುತ್ತದೆ ಅಂತ ಯಾರಾದರೂ ಅಂದರೆ, ಆ ಖರ್ಚನ್ನು ಇಲ್ಲಿಯ ತನಕ ಯಾರು ಕಟ್ಟುತ್ತಾ ಬಂದಿದ್ದಾರೆ ಅಂತ ಅವರನ್ನು ಕೇಳ್ರಿ.